ಅನುಬಂಧದಲ್ಲಿಲ್ಲದ ಹೆಸರು

ಹೊಸ ವಿದ್ವತ್ ಪುಸ್ತಕಗಳ ಪಟ್ಟಿ ನಮ್ಮ ಕಾಲೇಜಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಮಾನವಿಕ, ಸಮಾಜವಿಜ್ಞಾನ ಎಂದು ಎರಡು ಭಾಗ ಮಾಡಿ, ಒಂದೊಂದು ಪುಸ್ತಕಕ್ಕೂ ಮೂರು ಸಾಲಿನ ಪರಿಚಯ ಕೊಟ್ಟಿರುತ್ತಾರೆ. ಲೈಬ್ರರಿಗೆ ಯಾವುದು ಬೇಕು ಎಂದು ಗುರುತು ಹಾಕಿಕೊಡುವುದು ಸಮಾಜಶಾಸ್ತ್ರ ಪಾಠ ಮಾಡುವ ನನ್ನ ಕೆಲಸ. ಹಸಿರು ಪೆನ್ನು ಹಿಡಿದು ಕೂತರೆ ನನಗೆ ಸ್ವಲ್ಪ ಗತ್ತು ಬಂದುಬಿಡುತ್ತದೆ. ಇದು ಇರಲಿ, ಇದು ಬೇಡ, ಇದು ಬರೀ ಜೊಳ್ಳು ಎಂದು ಟೀ ಕುಡಿಯುತ್ತಾ ತೀರ್ಪು ಕೊಡುತ್ತಿರುತ್ತೇನೆ.

ಈ ಸಲದ ಪಟ್ಟಿಯಲ್ಲಿ ನನ್ನ ಪುಸ್ತಕವೂ ಇತ್ತು. ‘ಪರಿಷ್ಕೃತ ಎರಡನೆಯ ಮುದ್ರಣ’ ಎಂದು ಮೇಲೆ ಹಾಕಿದ್ದರು. ಕೆಳಗೆ ಪರಿಚಯ: ತಿಪಟೂರು ಸೀಮೆಯ ಕೊಬ್ಬರಿ ಅಂಗಳಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಅರಿವನ್ನು ಒಬ್ಬ ಮಹಿಳೆಯ ಬದುಕಿನ ಮೂಲಕ ಕಾಣಿಸುವ ಅಧ್ಯಯನ. ಒಬ್ಬ ಮಹಿಳೆ! ಪಟ್ಟಿಯನ್ನು ಮಡಿಚಿಟ್ಟು ಸ್ಟಾಫ್ ರೂಮಿನಿಂದ ಎದ್ದುಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದೆ. ಯಾರೋ ಹಿಂದಿನಿಂದ ಅಭಿನಂದನೆ ಹೇಳಿದರು. ಒದ್ದೆ ಮುಖದಲ್ಲೇ ಥ್ಯಾಂಕ್ಸ್ ಎಂದೆ.

ಆ ಒಬ್ಬ ಮಹಿಳೆಗೆ ಒಂದು ಹೆಸರಿತ್ತು. ಅದು ಪುಸ್ತಕದಲ್ಲಿ ಬರಬೇಕು ಅನ್ನುವುದೊಂದೇ ಅವರು ನನ್ನನ್ನು ಕೇಳಿದ್ದು. ವರ್ಷಗಟ್ಟಲೆ ಅವರ ಎದುರು ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ಅವರ ತಲೆಯೊಳಗೆ ಇದ್ದುದನ್ನೆಲ್ಲ ಬರೆದುಕೊಂಡು ಬಂದ ನಾನು, ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಚ್ಚು ಹಾಕಿಸಿದೆ. ಮರೆತು ಬಿಟ್ಟಿದ್ದಲ್ಲ. ಬೇಕೆಂದೇ, ಹೆಮ್ಮೆಯಿಂದ ಬಿಟ್ಟಿದ್ದು.

ನಮ್ಮ ಅಬ್ಬಾ ತಿಪಟೂರಿನಲ್ಲಿ ಟೈಲರ್. ಪೇಟೆಯ ಒಳಗಿನ ಬೀದಿಯಲ್ಲಿ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಟೇಬಲ್ಲು, ಗೋಡೆಗೆ ಎರಡು ಹಲಗೆ. ಎಡಗಡೆ ಹಲಗೆ ಹೊಸ ಬಟ್ಟೆಗೆ, ಬಲಗಡೆಯದು ಆಲ್ಟ್ರೇಷನ್‌ಗೆ. ಅವರು ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಕನ್ನಡ ಅಕ್ಷರ ಕಲಿತದ್ದು ಗಿರಾಕಿಗಳ ಹೆಸರು ಬರೆದುಕೊಳ್ಳುವುದಕ್ಕೆ. ಹಳೆಯ ಲಗ್ನಪತ್ರಿಕೆಗಳನ್ನು ಬೆರಳುದ್ದ ಬೆರಳುದ್ದ ಕತ್ತರಿಸಿ ದಾರದ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿರುತ್ತಾರೆ. ಬಟ್ಟೆ ಕೈಗೆ ಬಂದ ಕೂಡಲೇ ಹೆಸರು ಕೇಳಿ, ಚೀಟಿಯ ಖಾಲಿ ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಗುಂಡುಸೂಜಿ ಚುಚ್ಚುತ್ತಾರೆ. ಹೊಸ ಬಟ್ಟೆಯಾದರೆ ಮೂಲೆಗೆ. ಆಲ್ಟ್ರೇಷನ್‌ಗೆ ಬಂದದ್ದಾದರೆ ಎಲ್ಲಿ ಸರಿಮಾಡಬೇಕೋ ಸರಿಯಾಗಿ ಅಲ್ಲಿಗೇ. ತೋಳು ಬಿಗಿಯಾಗಿದ್ದರೆ ತೋಳಿಗೆ, ಸೊಂಟ ಸಡಿಲವಾಗಿದ್ದರೆ ಸೊಂಟಕ್ಕೆ.

ಹಳೆಯ ಗಿರಾಕಿಗಳಿಗೆ ಇದು ಎಷ್ಟು ಅಭ್ಯಾಸವಾಗಿದೆ ಎಂದರೆ, ಹಳೇ ಚೀಟಿಯನ್ನು ಮನೆಯಿಂದಲೇ ಚುಚ್ಚಿಕೊಂಡು ಬಂದು, ಬಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋಗುವವರಿದ್ದಾರೆ. ಚೀಟಿಯೇ ಎಲ್ಲ ಹೇಳುತ್ತದೆ. ಸರಿಮಾಡದ ಬಟ್ಟೆ ಬಲಗಡೆ ಹಲಗೆಯಿಂದ ಕೆಳಗಿಳಿಯುವುದಿಲ್ಲ ಎನ್ನುವುದು ಅಬ್ಬಾನ ಕಟ್ಟುನಿಟ್ಟು. ನನ್ನ ಸ್ವಂತ ಚೂಡಿದಾರ್ ಒಂದು ಅಲ್ಲಿ ಎರಡು ರಂಜಾನ್ ಕಳೆದಿತ್ತು.

ಪುಸ್ತಕದ ಆ ಮಹಿಳೆ, ನಾನು ಅಜ್ಜಿ ಎನ್ನುತ್ತಿದ್ದವರು, ಅಂಗಡಿಗೆ ಬರುತ್ತಿದ್ದದ್ದು ಬಿಳಿಗೆರೆ ಕಡೆಯ ಒಂದು ಹಳ್ಳಿಯಿಂದ. ವರ್ಷಕ್ಕೆ ಎರಡು ರವಿಕೆ ಹೊಲಿಸುತ್ತಿದ್ದರು. ಗಂಡ ಬೇಗ ಹೋಗಿದ್ದ. ಒಬ್ಬನೇ ಮಗ. ಮನೆಯ ಹಿಂದೆ ಕೈಬೆರಳಲ್ಲಿ ಎಣಿಸುವಷ್ಟು ತೆಂಗಿನ ಮರ. ಅಷ್ಟರಲ್ಲಿ ಬದುಕು ಸಾಗದೆ ತೋಟದವರ ಅಂಗಳಗಳಿಗೆ ಕೊಬ್ಬರಿ ಒಡೆಯಲು ಹೋಗುತ್ತಿದ್ದರು. ಹೊಲಿದ ರವಿಕೆಯನ್ನು ಮಡಿಚುವಾಗ ಅಬ್ಬಾ ಚೀಟಿ ಕೀಳಲು ಕೈಹಾಕಿದರೆ ತಡೆಯುತ್ತಿದ್ದರು.

“ಕೀಳ್ಬ್ಯಾಡಿ ಸಾಬ್ರೆ. ಅದು ನಂದು.”

ಅವರ ಹೆಸರನ್ನು ಅವರಿಗೆ ಬರೆದುಕೊಟ್ಟ ಮೊದಲನೆಯವರು ಅಬ್ಬಾ. ಶಾಲೆಯ ಮುಖ ಕಾಣದ ಅವರು ಆ ಚೀಟಿಗಳನ್ನು ಎಲೆಅಡಿಕೆ ಚೀಲದಲ್ಲಿ ಕೂಡಿಟ್ಟು, ನೋಡಿ ನೋಡಿ ತಮ್ಮ ಹೆಸರಿನ ರೂಪ ಕಲಿತರು. ಊರಿನ ಮಹಿಳಾ ಸಂಘದಲ್ಲಿ ಸೈನು ಹಾಕಬೇಕಾಗಿ ಬಂದಾಗ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆದರಂತೆ. ಬೇರೆ ಒಂದಕ್ಷರವೂ ಗೊತ್ತಿಲ್ಲ. ಹಾಗಾಗಿ ಅವರ ಸೈನು ಥೇಟ್ ಅಬ್ಬಾನ ಕೈಬರಹ. ನಾನು ಮೊದಲ ಸಲ ನೋಡಿದಾಗ ನಗು ಬಂದಿತ್ತು.

ಪಿಎಚ್‌ಡಿಗೆ ವಿಷಯ ಹುಡುಕುತ್ತಾ ನಾನು ಅಂಗಡಿಯಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದ ದಿನ ಅಜ್ಜಿ ರವಿಕೆ ತೆಗೆದುಕೊಳ್ಳಲು ಬಂದಿದ್ದರು. ಏನು ಓದುತ್ತೀಯ ಎಂದು ಕೇಳಿದರು. ಜನ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ಬರೆಯಬೇಕು ಎಂದೆ.

“ಅದ್ಕೆ ಇಷ್ಟು ಒದ್ದಾಡ್ತೀಯಾ? ನಮ್ಮೂರಿಗೆ ಬಾ ಮಗ. ಬರ್ದು ಬರ್ದು ಕೈ ಸೋತೋಗ್ಬೇಕು, ಅಷ್ಟೈತೆ.”

ಹೋದೆ. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯುವ ಕೆಲಸ. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ನಿಲ್ಲಬೇಕು. ಆತುರಕ್ಕೆ ಬಿದ್ದು ಮೊದಲೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ಬಿಟ್ಟಿದೆಯೋ ಇಲ್ಲವೋ ಎನ್ನುವುದನ್ನು ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿ ತಿಳಿಯಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಅಜ್ಜಿಯ ಕಿವಿಯೇ ಬೇರೆ. ಉಂಡೆ ಒಂದು ಕಡೆ ಇನ್ನೂ ಕಚ್ಚಿಕೊಂಡಿದೆ, ಇದು ಒಳಗೇ ಕೆಟ್ಟು ಕೌಟು ಹಿಡಿದಿದೆ, ಇದು ಹುಣಸೇಮರದ ಪಕ್ಕದ ಮರದ್ದು, ಅದರ ಚಿಪ್ಪು ದಪ್ಪ. ಎಲ್ಲವನ್ನೂ ಅಲ್ಲಾಡಿಸಿ ಹೇಳುತ್ತಿದ್ದರು. ಒಡೆದು ನೋಡಿದರೆ ಹಾಗೇ ಇರುತ್ತಿತ್ತು. ತೋಟದ ಯಜಮಾನರು ಅಟ್ಟದಿಂದ ಕಾಯಿ ಇಳಿಸುವ ಮೊದಲು ಅಜ್ಜಿಗೆ ಹೇಳಿಕಳಿಸುತ್ತಿದ್ದರು, ಇಳಿಸಿದ ಮೇಲೆ ಎಲ್ಲರ ಜೊತೆ ಒಡೆಯುವ ಸಾಲಿನಲ್ಲಿ ಕೂರಿಸುತ್ತಿದ್ದರು.

ನಾನು ಕಾಯಿ ಅಲ್ಲಾಡಿಸಿದರೆ ನನಗೆ ಎಲ್ಲವೂ ಒಂದೇ ಸದ್ದು.

“ಎಲ್ಲಾ ಬಿಟ್ಟೈತೆ ಅಂತೀಯಲ್ಲ, ಎಂಥ ಓದಿದೋಳು ನೀನು! ಹತ್ತ್ರ ಹಿಡ್ಕಂಡು ಕೇಳು ಕಣೇ. ಒಳಗಿರೋದು ಹೇಳ್ತೈತೆ. ನೀನು ಕೇಳ್ಬೇಕು ಅಷ್ಟೇ.”

ಹೀಗೆ ಬೈಸಿಕೊಂಡೇ ನಾನು ಕಲಿತೆ. ನನ್ನ ಪುಸ್ತಕದ ಮೂರನೇ ಅಧ್ಯಾಯವನ್ನು ‘ಕಿವಿಯ ಜ್ಞಾನ’ ಎಂದು ಜನ ಹೊಗಳುತ್ತಾರೆ. ಅದರಲ್ಲಿ ನನ್ನದೆಂದು ಇರುವುದು ಅಲ್ಪವಿರಾಮ, ಪೂರ್ಣವಿರಾಮ ಮಾತ್ರ.

ಹೆಸರಿನ ಮಾತು ಬಂದದ್ದು ಮೊದಲನೇ ವರ್ಷವೇ. ಹಿಂದೊಮ್ಮೆ ಒಬ್ಬ ಮೇಷ್ಟ್ರು ಆ ಊರಿಗೆ ಬಂದು ಬೀಸುವ ಪದ, ಸೋಬಾನೆ ಪದ ಬರೆದುಕೊಂಡು ಹೋಗಿ ಪುಸ್ತಕ ಮಾಡಿದ್ದರು. ಹಳೆಯ ಕ್ರಮದಂತೆ ಕೊನೆಯಲ್ಲಿ ಅನುಬಂಧ ಹಾಕಿ, ಹಾಡಿದವರ ಹೆಸರು, ವಯಸ್ಸು, ಊರು ಎಲ್ಲ ಅಚ್ಚು ಮಾಡಿಸಿದ್ದರು. ಅದರಲ್ಲಿ ಅಜ್ಜಿಯ ವಾರಗಿತ್ತಿಯ ಹೆಸರಿತ್ತು. ಗಂಡನ ತಮ್ಮನ ಹೆಂಡತಿ, ಎದುರು ಮನೆ. ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು, ಬಂದವರಿಗೆಲ್ಲ ಆ ಪುಟ ತೆಗೆದು ತೋರಿಸುತ್ತಿದ್ದಳಂತೆ.

“ಅವ್ಳು ಹಾಡಿದ್ದೇ ಮೂರು ಪದ,” ಎಂದರು ಅಜ್ಜಿ. “ಅದ್ರಾಗೆ ಒಂದು ನಾನೇ ಹೇಳ್ಕೊಟ್ಟಿದ್ದು. ಇರ್ಲಿ ಬುಡು. ನಿನ್ ಬುಕ್ಕಲ್ಲಿ ನನ್ನೆಸ್ರು ಬತ್ತೈತಲ್ಲ?”

“ಬರದೆ ಏನು ಅಜ್ಜಿ,” ಎಂದಿದ್ದೆ. ಆಗ ನನಗೂ ಹಾಗೇ ಅನ್ನಿಸಿತ್ತು. ಸುಳ್ಳು ಹೇಳಲಿಲ್ಲ.

ಎರಡನೇ ವರ್ಷ ನಾನು ಜಾಣೆಯಾದೆ. ಸೆಮಿನಾರುಗಳಿಗೆ ಹೋದೆ, ಹೊಸ ಹೊಸ ಪುಸ್ತಕ ತರಿಸಿ ಓದಿದೆ. ಮಾಹಿತಿ ಕೊಟ್ಟವರ ನಿಜ ಹೆಸರು ಬಳಸಬಾರದು, ಅವರ ಗುರುತು ಕಾಪಾಡಬೇಕು, ಅದು ಸಂಶೋಧಕರ ಧರ್ಮ ಎಂದು ಕಲಿತೆ. ನನ್ನ ಮಾರ್ಗದರ್ಶಕರು ಹಳೆಯ ಕಾಲದವರು. “ಕೊನೆಯಲ್ಲಿ ಹೇಳಿದವರದ್ದೊಂದು ಪಟ್ಟಿ ಹಾಕಿಬಿಡಮ್ಮ, ಅವರಿಗೂ ಖುಷಿಯಾಗುತ್ತೆ” ಎಂದರು. ಆ ದಿನ ಅವರ ಎದುರು ನಾನು ಕೊಟ್ಟ ಉಪನ್ಯಾಸ ನೆನೆದರೆ ಈಗ ಮೈ ಉರಿಯುತ್ತದೆ. ಖುಷಿಯ ಪ್ರಶ್ನೆಯಲ್ಲ ಸರ್, ಇದು ನೈತಿಕತೆಯ ಪ್ರಶ್ನೆ ಎಂದೆ. ಬಡವರ ಹೆಸರು, ಜಾತಿ, ವಯಸ್ಸು ಬರೆದು ಪ್ರದರ್ಶನಕ್ಕೆ ಇಟ್ಟಂತಾಗುತ್ತದೆ ಎಂದೆ. ಅವರು ಕನ್ನಡಕ ಒರೆಸಿಕೊಂಡು, ಆಯ್ತಮ್ಮ, ನೀವು ಓದಿದವರು ಎಂದರು. ಗೆದ್ದೆ ಅಂದುಕೊಂಡು ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿಂದೆ.

ಆಮೇಲೆ ಒಪ್ಪಿಗೆ ಪತ್ರ. ಅದೂ ಹೊಸ ಕ್ರಮವೇ. ಕನ್ನಡದಲ್ಲಿ ನಾನೇ ಬರೆದದ್ದು. ‘ನನ್ನ ಹೆಸರು ಹಾಗೂ ಗುರುತನ್ನು ಗೋಪ್ಯವಾಗಿಡಲಾಗುವುದೆಂದು ನನಗೆ ತಿಳಿಸಲಾಗಿದೆ’ ಎಂದು ನಾಲ್ಕನೇ ಸಾಲಿನಲ್ಲಿತ್ತು. ಅಜ್ಜಿ ಅಂಗಳದಲ್ಲಿ ಮಚ್ಚು ಹಿಡಿದು ಕೂತಿದ್ದರು. ಕೊನೇ ಬಸ್ಸಿಗೆ ಹೊತ್ತಾಗಿತ್ತು. ಪತ್ರವನ್ನು ಕಂಡಕ್ಟರು ಸ್ಟಾಪುಗಳ ಹೆಸರು ಹೇಳುವ ಹಾಗೆ ಒಂದೇ ಉಸಿರಿಗೆ ಓದಿದೆ. ಅರ್ಥವಾಯಿತಾ ಎಂದು ಕೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಎಲೆಅಡಿಕೆ ಚೀಲದಿಂದ ಅಬ್ಬಾ ಬರೆದ ಚೀಟಿ ತೆಗೆದು, ನೆಲದ ಮೇಲೆ ನೇರವಾಗಿ ಇಟ್ಟುಕೊಂಡು, ನೋಡಿ ನೋಡಿ ಸೈನು ಹಾಕಿದರು. ಬಸ್ಸು ತಪ್ಪುತ್ತದೆ ಎಂದು ನಾನು ಒಂದು ಕಾಲ ಮೇಲೆ ನಿಂತಿದ್ದೆ.

“ಸರಿಯಾಗೈತಾ ನೋಡು ಮಗ. ಬುಕ್ಕಲ್ಲಿ ತಪ್ಪಾಗ್ಬಾರ್ದು.”

ಆ ಮಾತು ನನಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಹೆಸರು ಬರಲಿ ಎಂದು ಅವರು ಸೈನು ಹಾಕುತ್ತಿದ್ದಾರೆ, ಹೆಸರು ಬರುವುದಿಲ್ಲ ಎಂದು ನಾನು ಸೈನು ಹಾಕಿಸಿಕೊಳ್ಳುತ್ತಿದ್ದೇನೆ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಮುಂದಿನ ಸಲ ಬಿಡಿಸಿ ಹೇಳೋಣ ಎಂದುಕೊಂಡು ಪತ್ರದ ಒಂದು ಪ್ರತಿಯನ್ನು, ನಿಯಮದಂತೆ, ಅವರ ಕೈಗೆ ಕೊಟ್ಟು ಓಡಿದೆ. ಮುಂದಿನ ಸಲ, ಅದರ ಮುಂದಿನ ಸಲ, ಹೀಗೇ ಎಷ್ಟೋ ಸಲ ಹೋದೆ. ಹೇಳಲಿಲ್ಲ.

ಪುಸ್ತಕಕ್ಕೆ ಅವರಿಗೊಂದು ಹೆಸರು ಬೇಕಾಯಿತಲ್ಲ, ಟೈಪು ಮಾಡುತ್ತಾ ಕೂತಿದ್ದಾಗ ಎರಡು ನಿಮಿಷದಲ್ಲಿ ಒಂದನ್ನು ಆರಿಸಿದೆ. ಕೇಳಲು ಇಂಪಾಗಿತ್ತು. ಆ ಊರಿನಲ್ಲಿ ಆ ವಯಸ್ಸಿನ ಯಾರಿಗೂ ಇರಲಾರದ, ಟಿವಿ ಸೀರಿಯಲ್ಲಿನ ಸೊಸೆಯ ಹೆಸರು.

ಪ್ರಬಂಧ ಪುಸ್ತಕವಾಗಿ ಬಂತು. ರಕ್ಷಾಪುಟದ ಮೇಲೆ ಅಟ್ಟದ ಫೋಟೋ. ಬಿಡುಗಡೆ ದೂರದ ಊರಿನಲ್ಲಿ ಆಯಿತು. ಅಜ್ಜಿಗೆ ಜ್ವರ ಎಂದು ಮಗ ಕಳಿಸಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ವಾರ ಬಿಟ್ಟು ಒಂದು ಪ್ರತಿ, ಒಂದು ಡಬ್ಬಿ ಮೈಸೂರುಪಾಕು ಹಿಡಿದು ಅವರ ಮನೆಗೆ ಹೋದೆ.

ಅಜ್ಜಿ ಕೈ ತೊಳೆದುಕೊಂಡು ಬಂದರು. ಪುಸ್ತಕವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು, ಕಾಯಿ ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದರು.

“ಬಿಟ್ಟೈತೆ ಕಣೇ,” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ನೆನಪಿಲ್ಲ.

ಗೋಡೆಗೆ ಒರಗಿ ಕಾಲು ಚಾಚಿ ಕೂತು, ಚೀಲದಿಂದ ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪುಸ್ತಕವನ್ನು ನೇರವಾಗಿ ಕೊನೆಯಿಂದ ತೆರೆದರು. “ಹಿಂದ್ಗಡೆ ಇರ್ತೈತೆ, ನಂಗೊತ್ತು,” ಎಂದರು. ವಾರಗಿತ್ತಿಯ ಪುಸ್ತಕದಲ್ಲಿ ನೋಡಿದ್ದರಲ್ಲ. ನನ್ನ ಪುಸ್ತಕದ ಹಿಂದುಗಡೆ ಇದ್ದದ್ದು ಗ್ರಂಥಋಣ. ಪುಟಗಟ್ಟಲೆ ಹೆಸರು, ಎಲ್ಲ ವಿದ್ವಾಂಸರದ್ದು. ಅವರಲ್ಲಿ ಅರ್ಧ ಜನರ ಪುಸ್ತಕವನ್ನು ನಾನು ಪೂರ್ತಿ ಓದಿದವಳೂ ಅಲ್ಲ. ಅಜ್ಜಿ ಚೀಟಿಯನ್ನು ಸಾಲಿನ ಪಕ್ಕ ಹಿಡಿದು, ಬೆರಳನ್ನು ಒಂದೊಂದೇ ಹೆಸರಿನ ಕೆಳಗೆ ಸರಿಸುತ್ತಾ ಹೋದರು. ಒಂದು ಪುಟ ಮುಗಿಯಿತು. ಇನ್ನೊಂದು ಮುಗಿಯಿತು. ನಾನು ನಿಲ್ಲಿಸಬೇಕಿತ್ತು. ಮೈಸೂರುಪಾಕಿನ ಡಬ್ಬಿಯ ದಾರ ಬಿಚ್ಚುತ್ತಾ ಕೂತಿದ್ದೆ.

“ಎಷ್ಟು ಜನ ಅವ್ರೆ! ಇವ್ರೆಲ್ಲ ಯಾವೂರೋರು ಮಗ?”

“ಅವರು ಪುಸ್ತಕ ಬರೆದವರು ಅಜ್ಜಿ. ಬೇರೆ ಬೇರೆ ಊರು.”

“ಇವ್ರೂ ಕೊಬ್ಬರಿ ಒಡೀತಿದ್ರಾ?”

“ಇಲ್ಲ.”

ಅವರು ಮತ್ತೆ ಬೆರಳಿಟ್ಟುಕೊಂಡರು. ಪಟ್ಟಿ ಮುಗಿದ ಮೇಲೆ ಪುಸ್ತಕವನ್ನು ಮುಂದಿನಿಂದ ತಿರುಗಿಸಿದರು. ಆಗ ಹೇಳಿದೆ. ಹೆಸರು ಹಾಕಿಲ್ಲ, ನಿಮ್ಮ ಒಳ್ಳೆಯದಕ್ಕೇ ಬೇರೆ ಹೆಸರು ಹಾಕಿದ್ದೇನೆ, ಈಗ ಎಲ್ಲರೂ ಹೀಗೇ ಮಾಡುವುದು, ನಿಮ್ಮಿಂದ ಸೈನು ಹಾಕಿಸಿಕೊಂಡೆನಲ್ಲ, ಅದು ಇದಕ್ಕೇ ಎಂದೆ. ನನ್ನ ದನಿ ಕ್ಲಾಸಿನಲ್ಲಿ ಪಾಠ ಮಾಡುವ ದನಿಯಾಗಿತ್ತು.

ಅಜ್ಜಿ ಬೆರಳನ್ನು ಪುಟದಿಂದ ತೆಗೆದರು.

“ಹಾಕಿದ್ರೆ ಏನು ಕೆಡುಕಾಗ್ತಿತ್ತು ಮಗ?”

“ಯಾರಾದರೂ ನಿಮಗೆ ತೊಂದರೆ ಕೊಟ್ಟರೆ ಅಂತ...”

“ನಂಗಿನ್ಯಾರು ತೊಂದ್ರೆ ಕೊಡ್ತಾರೆ? ಕೊಡೋರೆಲ್ಲ ಕೊಟ್ಟಾಯ್ತು.” ಆಮೇಲೆ ಕೇಳಿದರು: “ಎಲ್ಲೈತೆ ಆ ಹೆಸ್ರು? ತೋರ್ಸು.”

ಮೂರನೇ ಅಧ್ಯಾಯ ತೆಗೆದೆ. ಮೊದಲನೇ ಸಾಲಿನ ಮೊದಲನೇ ಪದವೇ ಆ ಸೀರಿಯಲ್ ಹೆಸರು. ಬೆರಳಿಟ್ಟು ಓದಿದೆ. ಅಜ್ಜಿ ಅದನ್ನು ಒಂದು ಸಲ ತಮ್ಮ ಬಾಯಲ್ಲಿ ಹೇಳಿ ನೋಡಿದರು, ನಾಲಿಗೆ ಸರಿಯಾಗಿ ಹೊರಳಲಿಲ್ಲ. ಚೀಟಿಯನ್ನು ಅದರ ಮೇಲೆ ಹಿಡಿದರು, ತೆಗೆದರು.

“ಇವ್ಳ್ಯಾರೋ ನಂಗೊತ್ತಿಲ್ಲ,” ಎಂದರು.

ಜಗಲಿಯ ಮೇಲಿದ್ದ ಒಂದು ಎಳೆ ತೆಂಗಿನ ನಾರನ್ನು ಆ ಪುಟಕ್ಕೆ ಗುರುತಿಗೆ ಇಟ್ಟು, ಪುಸ್ತಕ ಮುಚ್ಚಿ, ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು. ಯಾವಾಗಲೂ ಹಾಕುವ ಹಾಗೆ ಒಗ್ಗರಣೆ ಹಾಕಿದ್ದರು. ಒಂದು ಬಿರುಸು ಮಾತೂ ಆಡಲಿಲ್ಲ. ಹೊರಡುವಾಗ ಪ್ರತಿ ಸಲ ಬಾಗಿಲ ತನಕ ಬಂದು “ಬಾ ಮಗ” ಅನ್ನುತ್ತಿದ್ದವರು ಆ ದಿನ ಒಳಗೇ ಪಾತ್ರೆ ಎತ್ತಿಡುತ್ತಿದ್ದರು. ಎದುರು ಮನೆಯ ವಾರಗಿತ್ತಿ ಜಗಲಿಯಿಂದ, “ಏನವ್ವಾ, ಬುಕ್ಕು ಬಂತಂತೆ?” ಎಂದು ಕೂಗಿ ಕೇಳಿದಳು. ಬಂತು ಎಂದು ಹೇಳಿ ಬಸ್ಸಿಗೆ ನಡೆದೆ.

ಒಂದೂವರೆ ತಿಂಗಳಾದ ಮೇಲೆ ಅಬ್ಬಾ ಹೇಳಿದರು: “ನಿನ್ನ ಅಜ್ಜಿ ಬಂದಿದ್ದರು. ಪುಸ್ತಕ ಇಟ್ಟುಹೋಗಿದ್ದಾರೆ. ನೋಡು.” ನಾವು ಮನೆಯಲ್ಲಿ ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏನಾದರೂ ಹೇಳಿದರಾ ಎಂದು ಕೇಳಿದೆ. ಏನೂ ಇಲ್ಲ, ಟೇಬಲ್ಲಿನ ಮೇಲಿಟ್ಟು ಹೋದರು ಎಂದರು.

ಸಿಟ್ಟಿನಿಂದ ವಾಪಸು ಕೊಟ್ಟಿದ್ದಾರೆ ಎಂದುಕೊಂಡೆ. ನನ್ನ ಮುಖಕ್ಕೆ ಎಸೆದ ಹಾಗಾಯಿತು. ಅಂಗಡಿಗೆ ಹೋದಾಗಲೆಲ್ಲ ಗೋಡೆಯ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಎಲ್ಲಿಟ್ಟಿದ್ದೀರಿ ಎಂದು ಅಬ್ಬಾನನ್ನು ಕೇಳಲಿಲ್ಲ. ಅವರೂ ಮತ್ತೆ ಹೇಳಲಿಲ್ಲ. ಕೆಲಸ ಮಾಡುವವರಿಗೆ ಎರಡು ಸಲ ಹೇಳಬಾರದು ಎನ್ನುವುದು ಅವರ ಲೆಕ್ಕ. ಅಜ್ಜಿಯ ಊರಿಗೂ ಹೋಗಲಿಲ್ಲ. ನನಗೆ ಹೆದರಿಕೆ. ಆರು ವರ್ಷ ಅವರ ಅನ್ನ ಮಜ್ಜಿಗೆ ಉಂಡವಳಿಗೆ ಅವರ ಮುಖ ನೋಡಲು ಹೆದರಿಕೆ.

ಈ ನಡುವೆ ಪುಸ್ತಕಕ್ಕೆ ಒಂದು ಬಹುಮಾನ ಬಂತು. ಪ್ರತಿಗಳು ಮುಗಿದವು. ಎರಡನೇ ಮುದ್ರಣ ಮಾಡುತ್ತಿದ್ದೇವೆ, ತಿದ್ದುಪಡಿಗಳಿದ್ದರೆ ತಿಂಗಳೊಳಗೆ ಕಳಿಸಿ ಎಂದು ಪ್ರಕಾಶಕರಿಂದ ಪತ್ರ ಬಂತು. ಒಂದಿಡೀ ಭಾನುವಾರ ಕೂತು ತಿದ್ದಿದೆ. ಅಲ್ಲಲ್ಲಿ ಕೊಂಬು, ದೀರ್ಘ. ಗ್ರಂಥಋಣದಲ್ಲಿ ಒಬ್ಬ ವಿದ್ವಾಂಸರ ಇನಿಷಿಯಲ್ ತಪ್ಪಾಗಿತ್ತು. ಅದು ಸರಿಹೋಗಲೇಬೇಕು, ಅವರಿಗೆ ಬೇಸರವಾಗುತ್ತದೆ ಎಂದು ಎರಡು ಸಲ ಫೋನು ಮಾಡಿ ಹೇಳಿದೆ.

ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ನಾಲ್ಕು ದಿನದ ಜ್ವರವಂತೆ. ನನಗೆ ತಿಳಿದದ್ದು ತಿಥಿಯ ಹಿಂದಿನ ದಿನ. ಹೋದೆ. ವಾರಗಿತ್ತಿ ನನ್ನ ಕೈ ಹಿಡಿದುಕೊಂಡು ಅತ್ತಳು. “ನಿನ್ ದಾರಿ ನೋಡ್ತಿದ್ಲು ಕಣವ್ವ. ಸಾಬ್ರ ಅಂಗ್ಡೀಲಿ ಕೊಟ್ಟು ಬಂದಿದೀನಿ, ಸರಿ ಮಾಡ್ಕೊಂಡು ಬತ್ತಾಳೆ ಅಂತಿದ್ಲು,” ಎಂದಳು. ಏನನ್ನು ಎಂದು ನನಗೆ ಅರ್ಥವಾಗಲಿಲ್ಲ. ಏನೋ ರವಿಕೆ ಇರಬೇಕು ಅಂದುಕೊಂಡೆ.

ಊರಿಂದ ನೇರ ಅಂಗಡಿಗೆ ಬಂದೆ. ಅಜ್ಜಿ ಹೋದರಂತೆ ಎಂದಾಗ ಅಬ್ಬಾ ಮಿಷನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಹೇಳಿಕೊಂಡರು. ಆಮೇಲೆ, “ಅವರದ್ದು ಒಂದು ಬಾಕಿ ಉಳಿದುಬಿಟ್ಟಿತಲ್ಲ,” ಎಂದು ಬಲಗಡೆ ಹಲಗೆಗೆ ಕೈ ಚಾಚಿದರು. ಖಾಕಿ ಪ್ಯಾಂಟು, ಯಾರದೋ ಯೂನಿಫಾರಂ, ಅವುಗಳ ನಡುವಿನಿಂದ ನನ್ನ ಪುಸ್ತಕ ತೆಗೆದರು.

ಮೇಲಿನ ಅಂಚಿನಿಂದ ಒಂದು ಚೀಟಿ ಹೊರಗೆ ಇಣುಕುತ್ತಿತ್ತು. ತೆರೆದೆ. ತೆಂಗಿನ ನಾರು ಇದ್ದ ಪುಟ. ಮೂರನೇ ಅಧ್ಯಾಯ. ಮೊದಲನೇ ಸಾಲಿನ ಮೊದಲನೇ ಪದಕ್ಕೆ, ಆ ಸುಳ್ಳು ಹೆಸರಿಗೆ ಸರಿಯಾಗಿ ಗುಂಡುಸೂಜಿ ಚುಚ್ಚಿತ್ತು. ಚೀಟಿಯ ಒಂದು ಬದಿಯಲ್ಲಿ ಯಾರದೋ ಮದುವೆಯ ಬಂಗಾರದ ಬಣ್ಣದ ಅಕ್ಷರ. ಇನ್ನೊಂದು ಬದಿಯಲ್ಲಿ ಅಬ್ಬಾನ ದಪ್ಪಕ್ಷರದಲ್ಲಿ ಅಜ್ಜಿಯ ಹೆಸರು. ಸೂಜಿಗೆ ತುಕ್ಕು ಹಿಡಿದು, ಆ ಕಂದು ಕಲೆ ಹಿಂದಿನ ಪುಟಗಳಿಗೂ ಇಳಿದಿತ್ತು.

ಅವರು ಪುಸ್ತಕ ವಾಪಸು ಕೊಟ್ಟಿರಲಿಲ್ಲ. ಆಲ್ಟ್ರೇಷನ್‌ಗೆ ಕೊಟ್ಟಿದ್ದರು. ಸಿಟ್ಟು ಮಾಡಿಕೊಂಡಿರಲಿಲ್ಲ. ನಾನು ಸರಿಮಾಡಿಕೊಡುತ್ತೇನೆ ಎಂದು ನಂಬಿದ್ದರು. ನಾನು ಟೇಬಲ್ಲಿಗೆ ತಲೆಯಿಟ್ಟು ಅತ್ತೆ. ರವಿಕೆ ಕೊಡಲು ಬಂದಿದ್ದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು.

ಪ್ರಕಾಶಕರಿಗೆ ಅಲ್ಲಿಂದಲೇ ಫೋನು ಮಾಡಿದೆ. ಮುದ್ರಣ ಮುಗಿದು ಬೈಂಡಿಂಗ್ ಆಗುತ್ತಿದೆ ಎಂದರು. ಮುಂದಿನ ಮುದ್ರಣಕ್ಕೆ ನೋಡೋಣ, ಆದರೆ ಮನೆಯವರ ಒಪ್ಪಿಗೆ ಬೇಕಾಗುತ್ತದೆ ಎಂದರು. ಅದು ನಾನೇ ಎಲ್ಲರಿಗೂ ಪಾಠ ಮಾಡುವ ನಿಯಮ.

ಮಗನನ್ನು ಕೇಳಲು ಹೋದೆ. ಕೆಟ್ಟವನಲ್ಲ. ಕುರ್ಚಿ ಹಾಕಿ ಕೂರಿಸಿ, ಎಳನೀರು ಕೊಟ್ಟ. ವಿಷಯ ಹೇಳಿದಾಗ ತಲೆ ತಗ್ಗಿಸಿದ.

“ಬ್ಯಾಡ ಬುಡಿ ಮೇಡಂ. ಮಗಳಿಗೆ ಗಂಡು ನೋಡ್ತಾ ಇದೀವಿ. ನಮ್ಮವ್ವ ಕಂಡೋರ ಅಂಗಳದಾಗೆ ಕೂತು ಕೂಲಿ ಮಾಡ್ತಿದ್ಲು ಅಂತ ಹೆಸ್ರು ಹಾಕಿ ಬರ್ದ್ರೆ ಚೆನ್ನಾಗಿರಲ್ಲ.”

“ಅವರಿಗೆ ಆಸೆ ಇತ್ತು,” ಎಂದೆ. “ಅದೊಂದೇ ಆಸೆ.”

ಅವನು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಾಳೆ ತಂದ. ನಾನು ಬಸ್ಸಿಗೆ ಓಡುವ ಮೊದಲು ಅಜ್ಜಿಯ ಕೈಗೆ ತುರುಕಿದ್ದ ಪ್ರತಿ. ಮಡಿಕೆ ಬೀಳದ ಹಾಗೆ ಇಟ್ಟಿದ್ದರು. ನಾಲ್ಕನೇ ಸಾಲಿಗೆ ಬೆರಳಿಟ್ಟು, “ಅವ್ವನೇ ಸೈನು ಹಾಕವ್ಳಲ್ಲ ಮೇಡಂ, ಹೆಸ್ರು ಬ್ಯಾಡ ಅಂತ,” ಎಂದ. ಕೆಳಗೆ ಅಬ್ಬಾನ ಕೈಬರಹದಂಥ ಆ ಸೈನು. ಆ ಸೈನು ಯಾಕೆ ಹಾಕಿದ್ದು ಎಂದು ಬಲ್ಲವರು ಇಬ್ಬರೇ, ಅದರಲ್ಲಿ ಒಬ್ಬರು ಇಲ್ಲ.

ಹಾಗಾಗಿ ಈ ಬರಹದಲ್ಲೂ ಅವರ ಹೆಸರಿಲ್ಲ. ನನ್ನ ಕೈಯಿಂದ ಮತ್ತೊಮ್ಮೆ ಬಿಟ್ಟುಹೋಯಿತು. ಅದಕ್ಕೆ ಯಾವ ನೀತಿಯ ಹೆಸರು ಹೇಳಿ ನಾನು ಸಮಾಧಾನ ಮಾಡಿಕೊಳ್ಳಲಿ?

ಪುಸ್ತಕ ಮನೆಗೆ ತೆಗೆದುಕೊಂಡು ಹೋಗಲಾ ಎಂದು ಅಬ್ಬಾನನ್ನು ಕೇಳಿದೆ.

“ಸರಿಮಾಡಿದೆಯಾ?”

“ಇಲ್ಲ ಅಬ್ಬಾ. ಆಗುವುದಿಲ್ಲ.”

ಅವರು ಪುಸ್ತಕವನ್ನು ಇಸಿದುಕೊಂಡು, ಚೀಟಿಯನ್ನು ಬೆರಳಿನಿಂದ ನೇರ ಮಾಡಿ, ಹೆಸರು ಹೊರಗೆ ಕಾಣುವ ಹಾಗೆ ಮತ್ತೆ ಬಲಗಡೆ ಹಲಗೆಯ ಮೇಲಿಟ್ಟರು.

ಅದು ಈಗಲೂ ಅಲ್ಲೇ ಇದೆ. ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ನೊಣವಿನಕೆರೆ ಕಡೆಯ ಒಬ್ಬ ಹೆಂಗಸು ರವಿಕೆಯ ಅಳತೆ ಕೊಡುತ್ತಾ, ಹಲಗೆಯ ಕಡೆ ನೋಡಿ, ಆ ಚೀಟಿಯ ಮೇಲಿದ್ದುದನ್ನು ಜೋರಾಗಿ ಓದಿದರು. ಅಜ್ಜಿಯ ಹೆಸರು, ಪೂರ್ತಿಯಾಗಿ.

“ಯಾರ್ದು ಸಾಬ್ರೆ ಇದು? ಇನ್ನೂ ತಗೊಂಡೋಗಿಲ್ವಾ?”

ಅಬ್ಬಾ ಟೇಪನ್ನು ಕೊರಳಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಹೇಳಿದರು: “ಇಲ್ಲ ಅಕ್ಕ. ನಮ್ ಹುಡುಗಿ ಕೆಲಸ ಬಾಕಿ ಐತೆ.”